ನರ್ಸಿಂಗ್ ಸ್ನಾತಕೋತ್ತರ ಪದವಿ: ಆಯ್ಕೆಗೆ ಮುನ್ನ ತಿಳಿದಿರಬೇಕಾದದ್ದು

ನರ್ಸಿಂಗ್ ಕಲಿಯಲು ಕರಾವಳಿಗೆ ಬರುವವರಲ್ಲಿ ಯಾದಗಿರಿ, ರಾಯಚೂರು ಕಡೆಯ ಯುವಜನರೂ ಇದ್ದಾರೆ. ಬಿ.ಎಸ್ಸಿ. ಮುಗಿಸಿದವರು ‘ಮುಂದೇನು?’ ಎಂದು ಕೇಳುವುದು ಸಹಜ. ಯಾದಗಿರಿಯ ಮುದನಾಳದಂತಹ ಊರಿನ ಕುಟುಂಬಕ್ಕೆ ಇನ್ನೆರಡು ವರ್ಷದ ಓದು ಎಂದರೆ ಎರಡು ವರ್ಷದ ಸಂಬಳ ಬಿಟ್ಟು, ಸಾಲ ಹೊರುವುದು. ಆದ್ದರಿಂದ ಕಾಲೇಜಿನ ಹೆಸರು ನೋಡುವ ಮೊದಲು ಮುಂದೆ ಯಾವ ಕೆಲಸ ಮಾಡಬೇಕು ಎಂಬುದನ್ನು ತೀರ್ಮಾನಿಸುವುದು ಒಳ್ಳೆಯದು.

ಎಂ.ಎಸ್ಸಿ. ನರ್ಸಿಂಗ್: ಅವಧಿ 2 ವರ್ಷ. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಬಿ.ಎಸ್ಸಿ. ಅಥವಾ ಪೋಸ್ಟ್ ಬೇಸಿಕ್ ಬಿ.ಎಸ್ಸಿ.ಯಲ್ಲಿ ಶೇ. 55 ಅಂಕ, ನರ್ಸ್ ಆಗಿ ನೋಂದಣಿ ಮತ್ತು ಒಂದು ವರ್ಷದ ಸೇವಾನುಭವ ಬೇಕು. ವೈದ್ಯಕೀಯ-ಶಸ್ತ್ರಚಿಕಿತ್ಸಾ, ಪ್ರಸೂತಿ ಮತ್ತು ಸ್ತ್ರೀರೋಗ, ಮಕ್ಕಳ ಆರೋಗ್ಯ, ಮನೋರೋಗ, ಸಮುದಾಯ ಆರೋಗ್ಯ ಇದರ ಮುಖ್ಯ ವಿಭಾಗಗಳು. ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡಬಯಸುವವರಿಗೆ ಇದೇ ದಾರಿ.

ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್: ಇದೂ 2 ವರ್ಷದ ಸ್ನಾತಕೋತ್ತರ ಕೋರ್ಸ್. ಇಲ್ಲಿ ತರಗತಿಗಿಂತ ತೀವ್ರ ನಿಗಾ ಘಟಕದ ಕೆಲಸವೇ ಹೆಚ್ಚು. ರೋಗಿಯ ಹಾಸಿಗೆಯ ಪಕ್ಕದಲ್ಲೇ ಇರಬಯಸುವವರಿಗೆ ಸೂಕ್ತ.

ಊರಿಗೆ ಮರಳುವವರಿಗೆ: ಸ್ಟಾಫ್ ನರ್ಸ್ ಹುದ್ದೆಗೆ ಎಂ.ಎಸ್ಸಿ. ಕಡ್ಡಾಯವಲ್ಲ. ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳೆಂಬ ಹೆಸರಿನಲ್ಲಿ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಕೇಂದ್ರಗಳ ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆಗೂ ಅದು ಬೇಕಿಲ್ಲ. ಹಳ್ಳಿಯಲ್ಲೇ ಸೇವೆ ಮಾಡುವ ಆಸೆಯಿದ್ದವರು ಸಾಲ ಮಾಡುವ ಮೊದಲು ಇದನ್ನು ಯೋಚಿಸಬೇಕು. ಯಾದಗಿರಿಯಲ್ಲೇ 2022ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಗಿದೆ ಎಂಬುದೂ ಗಮನದಲ್ಲಿರಲಿ.

371(ಜೆ) ಸೌಲಭ್ಯ: ಯಾದಗಿರಿ ಸೇರಿದಂತೆ ಕಲ್ಯಾಣ ಕರ್ನಾಟಕದವರಿಗೆ 2013ರ ಆದೇಶದಂತೆ ಆ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸೀಟುಗಳ ಮೀಸಲಾತಿ ಇದೆ. ಇದಕ್ಕೆ ಉಪವಿಭಾಗಾಧಿಕಾರಿಯವರಿಂದ ಅರ್ಹತಾ ಪ್ರಮಾಣಪತ್ರ ಪಡೆಯಬೇಕು. ಆಡಳಿತ ಮಂಡಳಿ ಕೋಟಾದಲ್ಲಿ ಸೀಟು ಪಡೆದರೆ ಈ ಸೌಲಭ್ಯ ಸಿಗದು. ಆದ್ದರಿಂದ ಏಜೆಂಟರ ಕೈಗೆ ಹಣ ಕೊಡುವ ಮೊದಲು ಈ ಪತ್ರವನ್ನು ಮಾಡಿಸಿಕೊಳ್ಳಿ.

ಕಾಲೇಜಿನಲ್ಲಿ ಕೇಳಬೇಕಾದ ಪ್ರಶ್ನೆಗಳು:
1. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಥವಾ ಬೇರೆ ಮಾನ್ಯ ವಿಶ್ವವಿದ್ಯಾಲಯದ ಸಂಯೋಜನೆ ಈ ವರ್ಷ, ಈ ವಿಭಾಗಕ್ಕೆ ಇದೆಯೇ?
2. ಸ್ವಂತ ಆಸ್ಪತ್ರೆ ಇದೆಯೇ? ನೀವು ಆರಿಸಿದ ವಿಭಾಗದಲ್ಲಿ ದಿನಕ್ಕೆ ಎಷ್ಟು ರೋಗಿಗಳು?
3. ನಿಮ್ಮ ಪ್ರಬಂಧಕ್ಕೆ ಮಾರ್ಗದರ್ಶನ ಮಾಡುವವರು ಯಾರು?
4. ಹಾಸ್ಟೆಲ್, ಪರೀಕ್ಷೆ, ಸಮವಸ್ತ್ರ ಸೇರಿ ಎರಡು ವರ್ಷದ ಒಟ್ಟು ಶುಲ್ಕವನ್ನು ಬರಹದಲ್ಲಿ ಕೊಡುವರೇ?

ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಆರಂಭಿಸಿದ ಸೇವೆಯಂತೆ, ಆಸ್ಪತ್ರೆಯ ಜತೆಯಲ್ಲೇ ಬೆಳೆದ ಕಾಲೇಜುಗಳು ಕರಾವಳಿಯಲ್ಲಿ ಹಲವಿವೆ. ವಾರ್ಡ್‌ನಲ್ಲಿ ಕಲಿಯುವ ಅವಕಾಶವೇ ಇಲ್ಲಿಯ ಬಲ. ಧರ್ಮಕೇಂದ್ರದ ಯುವಜನ ಸಂಘಟನೆಗಳು ಹೊರಜಿಲ್ಲೆಯ ವಿದ್ಯಾರ್ಥಿಗಳಿಗೂ ಈ ಮಾಹಿತಿ ತಲುಪಿಸಿದರೆ, ಒಂದು ಕುಟುಂಬವನ್ನು ವ್ಯರ್ಥ ಸಾಲದಿಂದ ಉಳಿಸಿದಂತಾದೀತು.