ರಕ್ಕಸತಂಗಡಿಯ ಆನೆ

1565ನೆಯ ಇಸವಿ ಜನವರಿ 23ರಂದು ರಕ್ಕಸತಂಗಡಿಯ ರಣರಂಗದಲ್ಲಿ ಅಹಮದನಗರದ ಆನೆಯೊಂದು ರಾಮರಾಯನ ಪಲ್ಲಕ್ಕಿಯತ್ತ ನುಗ್ಗಿತೆಂದೂ, ಬೋವಿಗಳು ಅದನ್ನು ಕೆಳಗೆ ಬಿಟ್ಟು ಓಡಿದರೆಂದೂ, ಸೆರೆಸಿಕ್ಕ ಆ ವೃದ್ಧನ ತಲೆಯನ್ನು ಹುಸೇನ್ ನಿಜಾಮಶಹನು ಕಡಿಸಿದನೆಂದೂ ಫೆರಿಸ್ತಾ ಬರೆದಿದ್ದಾನೆ. ಈಟಿಯ ತುದಿಯಲ್ಲಿ ಆ ತಲೆಯನ್ನು ಕಂಡ ಸೈನ್ಯ ದಿಕ್ಕಾಪಾಲಾಯಿತಂತೆ. ಆನೆ ಬೇರೆಡೆಗೆ ತಿರುಗಿದ್ದರೆ ಹಂಪೆ ಉಳಿಯುತ್ತಿತ್ತೆ?

ಇಂತಹ ಪ್ರಶ್ನೆ ಇತಿಹಾಸಕ್ಕೆ ಸಲ್ಲದೆಂಬ ಮಾತನ್ನು ನಾವು ಒಪ್ಪಲಾರೆವು. ಯಾವುದನ್ನಾದರೂ ಕಾರಣವೆಂದು ಕರೆದೊಡನೆಯೇ, ಅದಿಲ್ಲದಿದ್ದರೆ ಕಾರ್ಯವೂ ಘಟಿಸುತ್ತಿರಲಿಲ್ಲವೆಂದು ಊಹಿಸಿಯೇ ಇರುತ್ತೇವೆ. ಒಂದು ಆನೆಯ ನುಗ್ಗಾಟ ಅಷ್ಟು ದೊಡ್ಡ ಫಲವನ್ನು ಕೊಟ್ಟುದೇಕೆಂಬುದು ಇಲ್ಲಿ ವಿಚಾರಾರ್ಹ. ಸಿಂಹಾಸನದಲ್ಲಿದ್ದ ಸದಾಶಿವರಾಯನು ಹೆಸರಿಗೆ ಮಾತ್ರ ಅರಸು; ಆಡಳಿತ, ಸೇನೆ, ಸುಲ್ತಾನರೊಡನೆ ಸಂಧಿವಿಗ್ರಹ, ಎಲ್ಲವೂ ರಾಮರಾಯನೊಬ್ಬನ ಕೈಯಲ್ಲಿದ್ದುವು. ಒಬ್ಬನ ಪತನದಿಂದ ಇಡೀ ಸೈನ್ಯ ಚದುರಲು ಈ ವ್ಯವಸ್ಥೆಯೇ ಎಡೆಮಾಡಿತ್ತು. 1556ರ ಪಾಣಿಪತ್ ಕದನದಲ್ಲಿ ಹೇಮುವಿನ ಕಣ್ಣಿಗೆ ನಾಟಿದ ಬಾಣವೂ ಇದೇ ಬಗೆಯ ಪರಿಣಾಮವನ್ನು ಉಂಟುಮಾಡಿತು.

1567ರಲ್ಲಿ ಹಂಪೆಯನ್ನು ಕಂಡ ಸೀಸರ್ ಫ್ರೆಡರಿಕ್ ಎಂಬ ವೆನಿಸ್ಸಿನ ವರ್ತಕನು ಇಬ್ಬರು ದಳಪತಿಗಳ ದ್ರೋಹವೇ ಸೋಲಿಗೆ ಕಾರಣವೆನ್ನುತ್ತಾನೆ. ಅದನ್ನು ನಂಬಿದರೆ ಆನೆಯ ಪಾತ್ರ ಇನ್ನೂ ಕುಗ್ಗುತ್ತದೆ.

ಕದನದ ತರುವಾಯ ತಿರುಮಲನು ಸದಾಶಿವನನ್ನೂ ಬೊಕ್ಕಸವನ್ನೂ ಕೊಂಡು ಪೆನುಗೊಂಡೆಯತ್ತ ಸಾಗಿದನು. ಅರವೀಡು ವಂಶದ ಆಳಿಕೆ ಮುಂದಿನ ಶತಮಾನದವರೆಗೂ ನಡೆಯಿತು. ಹಂಪೆ ಮಾತ್ರ ಮೊದಲಿನಂತಾಗಲಿಲ್ಲ. ಸುತ್ತುಸುತ್ತಿನ ಕೋಟೆಗಳಿದ್ದ ಆ ರಾಜಧಾನಿಯನ್ನು ಕಾಯಲು ಯಾರೂ ನಿಲ್ಲದೆ ಹೋದುದಕ್ಕೆ ಕಾರಣವನ್ನು ರಣರಂಗದಲ್ಲಿ ಹುಡುಕಿದರೆ ಸಾಲದು. ತಿರುಮಲನ ಆ ನಿರ್ಧಾರವನ್ನು ನಮ್ಮ ಸಂಶೋಧಕರು ಇನ್ನೂ ಸೂಕ್ಷ್ಮವಾಗಿ ಪರಿಶೀಲಿಸಬೇಕಾಗಿದೆ.