ಕಪ್ಪತಗುಡ್ಡದ ಚಿನ್ನದ ಗಣಿಗಳು

ಈಗ ಗದಗ ಜಿಲ್ಲೆಗೆ ಸೇರಿದ ಕಪ್ಪತಗುಡ್ಡ 1997ರವರೆಗೆ ಧಾರವಾಡ ಜಿಲ್ಲೆಯಲ್ಲಿತ್ತು. ಇಲ್ಲಿಯ ಚಿನ್ನವನ್ನು ಮೊದಲು ಬಲ್ಲವರು ಹಳ್ಳದ ಉಸುಕು ತೊಳೆದು ಚಿನ್ನ ತೆಗೆಯುತ್ತಿದ್ದ ಜಲಗಾರರು. ಆ ಗೌರವ ಅವರಿಗೇ ಸಲ್ಲಬೇಕು. ಮಳೆಗಾಲದಲ್ಲಿ ಡೋಣಿ ಹಳ್ಳದ ನೆರೆ ಇಳಿದ ಮೇಲೆ ಉಸುಕು ಕೆರೆದು, ಮರದ ತೊಟ್ಟಿಯಲ್ಲಿ ತೊಳೆಯುತ್ತಿದ್ದರು. ಹಗುರ ಮಣ್ಣು ನೀರಿನ ಸಂಗಡ ಹೋಗಿ, ತಳದ ಕಪ್ಪು ಉಸುಕಿನಲ್ಲಿ ಚಿನ್ನದ ಕಣಗಳು ಉಳಿಯುತ್ತಿದ್ದವು. ಅವನ್ನು ಪಾದರಸದಿಂದ ಹಿಡಿಯುತ್ತಿದ್ದರು.

ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಈ ಗುಡ್ಡಗಳ ಚಿನ್ನದ ಬಗ್ಗೆ ವರದಿ ಪ್ರಕಟಿಸಿದರು. ಮುಂದೆ ಇಲ್ಲಿರುವಂಥ ಪುರಾತನ ಶಿಲೆಗಳಿಗೆ ‘ಧಾರವಾಡ’ ಎಂದು ಹೆಸರಿಟ್ಟವರೂ ಅವರೇ. 20ನೇ ಶತಮಾನದ ಮೊದಲ ದಶಕದಲ್ಲಿ ಕಂಪನಿಗಳು ಕಬಲಾಯತಕಟ್ಟಿ, ಹೊಸೂರು ಕಡೆ ಚಿನ್ನವಿರುವ ಬೆಣಚುಕಲ್ಲಿನ ಪಟ್ಟೆಗಳ ಬೆನ್ನುಹತ್ತಿ ಗಣಿ ತೋಡಿ, ಕೆಲವೇ ವರ್ಷಗಳಲ್ಲಿ ಕೈಬಿಟ್ಟವು.

ಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಿ. ಹಳೆಯ ಗಣಿಬಾಯಿಗಳ ಅಂಚಿಗೆ ಹೋಗಬೇಡಿ.