ರಾಜಾ ಮಿಲ್ ಜಾಗದ ಜಮಾ-ಖರ್ಚು

ಸಂಪಿಗೆ ರಸ್ತೆಯ ದಕ್ಷಿಣದ ತುದಿಯಲ್ಲಿರುವ ಮಂತ್ರಿ ಸ್ಕ್ವೇರ್ 2010ರಲ್ಲಿ ಬಾಗಿಲು ತೆರೆದಾಗ ದೇಶದಲ್ಲೇ ದೊಡ್ಡ ಮಾಲ್ ಅನ್ನಿಸಿಕೊಂಡಿತ್ತು. ಸುಮಾರು 17 ಲಕ್ಷ ಚದರಡಿಯ ಕಟ್ಟಡ, ಇನ್ನೂರಕ್ಕೂ ಹೆಚ್ಚು ಮಳಿಗೆ. ಮಲ್ಲೇಶ್ವರದ ಹೊಸಬರಿಗೆ ಅದು ಬರೀ ‘ಮಂತ್ರಿ’. ನಮ್ಮ ಶ್ರೀರಾಂಪುರದ ಹಳಬರು ಆಟೋದವನಿಗೆ ಇವತ್ತಿಗೂ ‘ರಾಜಾ ಮಿಲ್ ಹತ್ರ’ ಅಂತಲೇ ಹೇಳುವುದು. ನಮ್ಮಪ್ಪ ಆ ಮಿಲ್ಲಿನ ಸ್ಪಿನ್ನಿಂಗ್‌ನಲ್ಲಿ ದುಡಿದು ನಿವೃತ್ತರಾದವರು. ನಾನು ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆಯ ಅಂಗಡಿಗಳಿಗೆ ಲೆಕ್ಕ ಬರೆದು, ಸೇಲ್ಸ್ ಟ್ಯಾಕ್ಸ್ ರಿಟರ್ನ್ ಸಲ್ಲಿಸಿ ಸಂಸಾರ ತೂಗಿಸಿದವನು. ಹಾಗಾಗಿ ಆ ಜಾಗದ ಚರಿತ್ರೆಯನ್ನು ನಾನು ಓದಿದ್ದು ಅಪ್ಪನ ಸಂಬಳದ ಚೀಟಿಯಲ್ಲಿ, ನನ್ನ ಗಿರಾಕಿಗಳ ಕಿರ್ದಿ ಪುಸ್ತಕದಲ್ಲಿ.

ಮಿಲ್ಲಿನ ಪೂರ್ತಿ ಹೆಸರು ಮೈಸೂರು ಸ್ಪಿನ್ನಿಂಗ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಮಿಲ್ಸ್. ಹುಟ್ಟಿದ್ದು 1884ರಲ್ಲಿ. ಚಾಮರಾಜೇಂದ್ರ ಒಡೆಯರಿಗೆ ಬ್ರಿಟಿಷರು ರಾಜ್ಯ ಒಪ್ಪಿಸಿ ಮೂರು ವರ್ಷವಾಗಿತ್ತು, ಶೇಷಾದ್ರಿ ಅಯ್ಯರ್ ಹೊಸದಾಗಿ ದಿವಾನರಾಗಿದ್ದರು. ಅದೇ ವರ್ಷ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಲೂ ಶುರುವಾಯಿತು. ಮದರಾಸಿನ ಬಿನ್ನಿ ಕಂಪನಿ ಎರಡು ವರ್ಷದಲ್ಲಿ ಅದನ್ನು ಕೊಂಡುಕೊಂಡಿತು. ಮಾಲ್ ಬಂದು ಮಲ್ಲೇಶ್ವರದ ಹಳೆಯ ನೆಮ್ಮದಿ ಹಾಳಾಯಿತು ಅಂತ ಬೇಸರಪಡುವವರು ಈ ಇಸವಿಗಳನ್ನು ಗಮನಿಸಬೇಕು. ಕಾಡು ಮಲ್ಲೇಶ್ವರನ ಗುಡಿ 17ನೇ ಶತಮಾನದ್ದೇನೋ ನಿಜ. ಆದರೆ ಬಡಾವಣೆ ಹುಟ್ಟಿದ್ದು 1890ರ ದಶಕದಲ್ಲಿ. 1898ರ ಪ್ಲೇಗಿಗೆ ಹೆದರಿ ಜನ ಪೇಟೆ ಬಿಟ್ಟು ಬಂದ ಮೇಲೆ ಅದು ತುಂಬಿಕೊಂಡಿತು. ಮಿಲ್ಲು ಅದಕ್ಕೂ ಮೊದಲಿನದು. ಸಂಪಿಗೆ ರಸ್ತೆಗೆ ಸಂಪಿಗೆ ಮರ ಬರುವ ಮುಂಚೆಯೇ ಅದರ ತುದಿಯಲ್ಲಿ ಹೊಗೆ ಕೊಳವೆ ಇತ್ತು.

ರೈಲು ಹಳಿಯ ಆಚೆ ಮಿಲ್ ಕಾರ್ಮಿಕರ ಶ್ರೀರಾಂಪುರ. ತಮಿಳು, ತೆಲುಗು, ಕನ್ನಡ ಒಂದೇ ವಠಾರದಲ್ಲಿ ಕೇಳುತ್ತಿದ್ದ ಊರು. ಈಚೆ ಮೇಷ್ಟ್ರು, ಗುಮಾಸ್ತರು, ವಕೀಲರ ಮಲ್ಲೇಶ್ವರ. ಎರಡನ್ನೂ ಬೆಸೆದದ್ದು ತಿಂಗಳ ಸಂಬಳ. ಸಾವಿರ ಜನ ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆ ಮುಂದಿನ ತಿಂಗಳ 10ನೇ ತಾರೀಖಿನೊಳಗೆ ಸಂಬಳ ಬಟವಾಡೆ ಮಾಡಬೇಕು ಅನ್ನುತ್ತಿತ್ತು ವೇತನ ಪಾವತಿ ಕಾಯ್ದೆ. ಅಂಗಡಿಯವರಿಗೆ ಆ ಕಾಯ್ದೆಯ ಹೆಸರು ಗೊತ್ತಿರಲಿಲ್ಲ, ತಾರೀಖು ಮಾತ್ರ ಕಂಠಪಾಠ. ನಾನು ಕೆಲಸ ಕಲಿಯುವಾಗ ನೋಡಿದ ಹಳೆಯ ಉದ್ರಿ ಖಾತೆಗಳಲ್ಲಿ ತಿಂಗಳಿಡೀ ಒಂದೇ ಕಡೆ ಬರಹ. 10, 11, 12ಕ್ಕೆ ಬಂದರೆ ಪುಟದ ಆಚೆ ಬದಿ ಜಮಾ ತುಂಬಿಕೊಳ್ಳುತ್ತಿತ್ತು. ಒಬ್ಬ ಜವಳಿ ವ್ಯಾಪಾರಿಯ ಖಾತೆಯಲ್ಲಿ ಹೆಸರಿನ ಬದಲು ಮಿಲ್ಲಿನ ಟಿಕೆಟ್ ನಂಬರ್ ಇರುತ್ತಿತ್ತು. ಒಂದೇ ಹೆಸರಿನ ಮುನಿಸ್ವಾಮಿಗಳು ಹತ್ತಾರು ಮಂದಿ ಇದ್ದರೆ ಪಾಪ ಅವನಾದರೂ ಏನು ಮಾಡಿಯಾನು! ಆ ನಂಬರೇ ಸಾಲಕ್ಕೆ ಜಾಮೀನು. ಕೆಲಸ ಖಾಯಂ, ಪಿ.ಎಫ್. ಉಂಟು, ಕಾಯಿಲೆ ಬಿದ್ದರೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆ ಉಂಟು. ಇಷ್ಟಿದ್ದರೆ ಯಾವ ಅಂಗಡಿಯವನಾದರೂ ಧೈರ್ಯವಾಗಿ ಎರಡು ಸೀರೆ ಉದ್ರಿ ಕೊಡುತ್ತಿದ್ದ.

ಈ ವ್ಯಾಪಾರಕ್ಕೆ ತನ್ನದೇ ಪಂಚಾಂಗವಿತ್ತು. ಯುಗಾದಿ, ವರಮಹಾಲಕ್ಷ್ಮಿ, ಗೌರಿ-ಗಣೇಶ, ಆಯುಧಪೂಜೆಯ ಬೋನಸ್, ದೀಪಾವಳಿ. ನಡುವೆ ಆಷಾಢ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಉಳಿದ ಬಟ್ಟೆಯನ್ನು ಅಸಲಿಗೆ ಬಿಟ್ಟು ಗೋಡೌನ್ ಖಾಲಿ ಮಾಡುವ ತಿಂಗಳು. ಈಗ ಮಾಲ್‌ಗಳು ಜೂನ್ ಕೊನೆಗೋ ಜುಲೈಗೋ ಹಾಕುವ ‘ಎಂಡ್ ಆಫ್ ಸೀಸನ್ ಸೇಲ್’ ಸರಿಯಾಗಿ ಆ ಹೊತ್ತಿಗೇ ಬರುತ್ತದೆ. ಆಷಾಢದ ರಿಯಾಯಿತಿ ಎಲ್ಲಿಗೂ ಹೋಗಲಿಲ್ಲ, ಇಂಗ್ಲಿಷ್ ಬೋರ್ಡ್ ಹಾಕಿಕೊಂಡಿತು ಅಷ್ಟೆ.

ಮಿಲ್ಲು ಬಿದ್ದದ್ದು ಒಂದೇ ದಿನದಲ್ಲಲ್ಲ. ಯಂತ್ರ ಹಳೆಯದಾಯಿತು, ಪವರ್‌ಲೂಮ್ ಬಟ್ಟೆ ಅಗ್ಗಕ್ಕೆ ಬಂತು, ಪಾಲಿಯೆಸ್ಟರ್ ಹತ್ತಿಯನ್ನು ಹಿಂದೆ ಹಾಕಿತು. 1974ರ ಕಾಯ್ದೆ ದೇಶದ 103 ಕಾಯಿಲೆಬಿದ್ದ ಗಿರಣಿಗಳನ್ನು ರಾಷ್ಟ್ರೀಕರಣ ಮಾಡಿತು. ರಾಜಾ ಮಿಲ್ಲೂ ರಾಷ್ಟ್ರೀಯ ಜವಳಿ ನಿಗಮದ ಪಾಲಾಯಿತು, ಬೆಂಗಳೂರಿನದೇ ಆದ ಮಿನರ್ವ ಮಿಲ್ಲೂ ಪಾಲಾಯಿತು. ಮಿನರ್ವದ ಮಾಲೀಕರು ಅದನ್ನು ಪ್ರಶ್ನಿಸಿ ಕೋರ್ಟಿಗೆ ಹೋದರು. ಸಂವಿಧಾನ ತಿದ್ದುವ ಸಂಸತ್ತಿನ ಅಧಿಕಾರಕ್ಕೂ ಮಿತಿ ಇದೆ ಎಂದು ಸುಪ್ರೀಂ ಕೋರ್ಟ್ 1980ರಲ್ಲಿ ಮತ್ತೊಮ್ಮೆ ಗಟ್ಟಿಮಾಡಿ ಹೇಳಿದ್ದು ಆ ಮೊಕದ್ದಮೆಯಲ್ಲೇ. ಕಾನೂನು ಓದುವ ಹುಡುಗರಿಗೆಲ್ಲ ಮಿನರ್ವ ಮಿಲ್ಸ್ ಹೆಸರು ಬಾಯಿಪಾಠ. ಅದು ನಮ್ಮೂರಿನ ಬಟ್ಟೆ ಗಿರಣಿ ಅಂತ ಎಷ್ಟು ಜನಕ್ಕೆ ಗೊತ್ತೋ. ಸರ್ಕಾರದ ಕೈಗೆ ಬಂದದ್ದರಿಂದ ಮಿಲ್ಲುಗಳ ಆಯುಸ್ಸು ಸ್ವಲ್ಪ ಬೆಳೆಯಿತು, ಆರೋಗ್ಯ ಬರಲಿಲ್ಲ. ಆಮೇಲೆ ಬಂದದ್ದು ಸ್ವಯಂ ನಿವೃತ್ತಿ ಯೋಜನೆ. ಅಪ್ಪ ಅಷ್ಟರೊಳಗೆ ಹೊರಬಿದ್ದಿದ್ದರು. ನಮ್ಮ ಬೀದಿಯಲ್ಲಿ ಆ ದುಡ್ಡು ತೆಗೆದುಕೊಂಡವರಲ್ಲಿ ಕೆಲವರು ಆಟೋ ಕೊಂಡರು, ಕೆಲವರು ಮಗಳ ಮದುವೆ ಮಾಡಿದರು, ಒಬ್ಬರು ಮನೆ ಮುಂದೆ ಇಸ್ತ್ರಿ ಅಂಗಡಿ ಇಟ್ಟರು.

ಖಾಲಿಯಾದ ಜಾಗಕ್ಕೆ ಮಾಲೇ ಏಕೆ ಬರಬೇಕಿತ್ತು? ಊರೊಳಗೆ, ಒಂದೇ ತುಂಡಾಗಿ, ಮುಖ್ಯರಸ್ತೆಗೆ ಮುಖ ಮಾಡಿಕೊಂಡ ಎಕರೆಗಟ್ಟಲೆ ನೆಲ ಬೇಕೆಂದರೆ ಬೆಂಗಳೂರಿನಲ್ಲಿ ಉಳಿದಿದ್ದದ್ದು ಕಾರ್ಖಾನೆಗಳ ಹತ್ತಿರ. ಚಿಕ್ಕಪೇಟೆಯಲ್ಲಿ ಹತ್ತು ಗುಂಟೆ ಕೂಡಿಸಬೇಕಾದರೂ ಇಪ್ಪತ್ತು ವಾರಸುದಾರರ ಸಹಿ ಬೇಕು. ಮಿಲ್ಲಿನದಾದರೆ ಒಂದೇ ಪತ್ರ. ಕೋರಮಂಗಲದಲ್ಲಿ 2004ರಲ್ಲಿ ಫೋರಂ ತೆರೆದು, ಹನ್ನೊಂದು ತೆರೆಗಳ ಸಿನಿಮಾ ಒಂದೇ ಸೂರಿನಡಿ ಬಂದಾಗ ಈ ವ್ಯಾಪಾರದ ರುಚಿ ಊರಿಗೆ ಹತ್ತಿತು. ಮರುವರ್ಷ ಮೆಗ್ರಾತ್ ರಸ್ತೆಯಲ್ಲಿ ಪಾಲಿಕೆಯದೇ ಜಾಗದಲ್ಲಿ ಗರುಡಾ ಮಾಲ್. 2008ರಲ್ಲಿ ಹಳೆಯ ಬಿಯರ್ ಕಾರ್ಖಾನೆ ಇದ್ದಲ್ಲಿ ಯುಬಿ ಸಿಟಿ. 2010ರಲ್ಲಿ ರಾಜಾ ಮಿಲ್. 2012ರಲ್ಲಿ, ಮಲ್ಲೇಶ್ವರದ ಪಶ್ಚಿಮಕ್ಕೆ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಇದ್ದ ಜಾಗದಲ್ಲಿ ಓರಾಯನ್. ಸಿನಿಮಾ ಮಂದಿರಗಳದ್ದೂ ಅದೇ ಗತಿ. ಲಿಡೋ ಹೋಯಿತು, ಜಯನಗರದ ಸ್ವಾಗತ್ ಹೋಯಿತು, ಎರಡೂ ಕಡೆ ಮಾಲ್ ಎದ್ದಿತು. ಸಾಮಾನು ತಯಾರಿಸುತ್ತಿದ್ದ ಊರು ಸಾಮಾನು ಮಾರುವ ಊರಾಯಿತು. ಅದಕ್ಕೆ ನೆಲದ ದಾಖಲೆಗಳೇ ಸಾಕ್ಷಿ.

ಮಾಲ್ ಹೇಗೆ ದುಡಿಯುತ್ತದೆ ಅಂತ ನನಗೆ ತಿಳಿದದ್ದು ನಮ್ಮ ಶೆಟ್ಟರ ಅಗ್ರಿಮೆಂಟಿನಿಂದ. ಅವರದು ಮಕ್ಕಳ ಬಟ್ಟೆ ಅಂಗಡಿ. ಸಂಪಿಗೆ ರಸ್ತೆಯಲ್ಲಿ ಒಳ್ಳೆಯ ಹೆಸರು. ನಗರದ ಬೇರೊಂದು ಮಾಲ್‌ನಲ್ಲಿ ಎರಡನೇ ಅಂಗಡಿ ಹಿಡಿಯಲು ಹೊರಟು, ಕಾಗದ ತಂದು ನನ್ನ ಮೇಜಿನ ಮೇಲಿಟ್ಟರು.

“ಬಾಡಿಗೆ ಎಷ್ಟು ಅಂತ ಒಂದೇ ಸಾಲಿನಲ್ಲಿ ಹೇಳಿಬಿಡಿ ಸಾರ್,” ಅಂದರು.

“ಒಂದು ಸಾಲಿನಲ್ಲಿ ಇಲ್ಲವಲ್ಲ ಶೆಟ್ರೇ, ನಾಲ್ಕು ಕಡೆ ಇದೆ,” ಅಂದೆ.

ಮೊದಲನೆಯದು ಕನಿಷ್ಠ ಬಾಡಿಗೆ. ಎರಡನೆಯದು ಮಾರಾಟದಲ್ಲಿ ಶೇಕಡಾವಾರು ಪಾಲು. ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಕಟ್ಟಬೇಕು. ಮೂರನೆಯದು ಎ.ಸಿ., ಎಸ್ಕಲೇಟರ್, ಸೆಕ್ಯುರಿಟಿ, ಕಸ ಗುಡಿಸುವುದಕ್ಕೆಲ್ಲ ಸೇರಿಸಿ ನಿರ್ವಹಣೆ ಶುಲ್ಕ. ನಾಲ್ಕನೆಯದು ಜಾಹೀರಾತು ನಿಧಿ. ಇವು ಲೆಕ್ಕ ಹಾಕುವುದು ಅಂಗಡಿಯ ಒಳಗಿನ ನೆಲಕ್ಕಲ್ಲ. ಕಾರಿಡಾರ್, ಮೆಟ್ಟಿಲು, ಲಿಫ್ಟುಗಳ ಪಾಲನ್ನೂ ಅದರ ಮೇಲೆ ಹೊರಿಸುತ್ತಾರೆ; ಸಾವಿರ ಚದರಡಿಗೆ ದುಡ್ಡು ಕೊಟ್ಟರೆ ಶೆಟ್ಟರ ರ‍್ಯಾಕ್ ಇಡಲು ಸಿಗುತ್ತಿದ್ದದ್ದು ಆರುನೂರರ ಆಸುಪಾಸು. ಅದರ ಮೇಲೆ, ಬಿಲ್ ಹಾಕುವ ಯಂತ್ರದ ದಿನದ ಮಾರಾಟ ಪ್ರತಿ ರಾತ್ರಿ ಮಾಲ್ ಆಫೀಸಿಗೆ ಹೋಗಬೇಕು. ಸಂಪಿಗೆ ರಸ್ತೆಯಲ್ಲಿ ಶೆಟ್ಟರ ಗಲ್ಲಾಪೆಟ್ಟಿಗೆಯ ಒಳಗನ್ನು ಅವರ ಹೆಂಡತಿಯೂ ನೋಡಿರಲಿಲ್ಲ! ಶೆಟ್ಟರು ಕನ್ನಡಕ ತೆಗೆದು, ಆ ಕಲಮನ್ನು ಮತ್ತೊಮ್ಮೆ ಓದಿಸಿದರು. ಕೊನೆಗೂ ಸಹಿ ಹಾಕಿದರು. ಲಾಕ್-ಇನ್ ಅವಧಿ ಮುಗಿದ ತಿಂಗಳೇ ಬೀಗದ ಕೈ ಒಪ್ಪಿಸಿ ಬಂದರು.

ಅದರಲ್ಲಿ ಮಾಲಿನವರ ತಪ್ಪು ಅಂತ ನಾನು ಹೇಳುವುದಿಲ್ಲ. ಆ ಲೆಕ್ಕವೇ ಬೇರೆ. ದೊಡ್ಡ ಸೂಪರ್ ಮಾರ್ಕೆಟ್, ದೊಡ್ಡ ಬಟ್ಟೆ ಮಳಿಗೆ, ಸಿನಿಮಾದವರಿಗೆ ಚದರಡಿಗೆ ಕಡಿಮೆ ಬಾಡಿಗೆ. ಜನರನ್ನು ಎಳೆದು ತರುವುದು ಅವರ ಕೆಲಸ. ಬಂದ ಜನ ಹಾದುಹೋಗುವ ದಾರಿಯಲ್ಲಿ ಸಣ್ಣ ಅಂಗಡಿಗಳು. ಹೆಚ್ಚಿನ ದರ ಕಟ್ಟುವವರು ಅವರು. ಮಾರಾಟದಲ್ಲಿ ನೂರಕ್ಕೆ ನಲವತ್ತು-ಐವತ್ತು ಉಳಿಯುವ ಬ್ರ್ಯಾಂಡ್‌ಗೆ ಇದು ತಾಳುತ್ತದೆ, ಹತ್ತು-ಹದಿನೈದರಲ್ಲಿ ತಿರುಗಿಸುವ ಶೆಟ್ಟರಿಗೆ ತಾಳುವುದಿಲ್ಲ. ತೆರಿಗೆಯೂ ಆಗ ಸಣ್ಣವರಿಗೆ ಎದುರಾಗಿತ್ತು. 2005ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ ವ್ಯಾಟ್. 2007ರ ಜೂನ್‌ನಿಂದ ವಾಣಿಜ್ಯ ಕಟ್ಟಡದ ಬಾಡಿಗೆಯ ಮೇಲೆ ಕೇಂದ್ರದ ಸೇವಾ ತೆರಿಗೆ. ಬಾಡಿಗೆಗೆ ಕಟ್ಟಿದ ಸೇವಾ ತೆರಿಗೆಯನ್ನು ವ್ಯಾಟ್‌ನಲ್ಲಿ ಕಳೆದುಕೊಳ್ಳುವ ಹಾಗಿರಲಿಲ್ಲ, ಅದು ನೇರ ಕೈಯಿಂದ ಹೋಗುತ್ತಿತ್ತು. 2017ರ ಜುಲೈನಲ್ಲಿ ಜಿ.ಎಸ್.ಟಿ. ಬಂದ ಮೇಲೆ ಆ ಗಂಟು ಬಿಚ್ಚಿತು.

ಸಂಪಿಗೆ ರಸ್ತೆ ಸತ್ತುಹೋಗುತ್ತದೆ ಅಂತ 2010ರಲ್ಲಿ ಎಲ್ಲರೂ ಬಾಯಿ ಬಡಿದುಕೊಂಡರು. ಸಾಯಲಿಲ್ಲ. ಆಡಿಯೋ ಕ್ಯಾಸೆಟ್, ಸಿ.ಡಿ. ಅಂಗಡಿ ಹೋದವು, ಅವನ್ನು ಕೊಂದದ್ದು ಮೊಬೈಲು. ಪ್ಯಾಂಟು-ಶರ್ಟಿನ ಅಂಗಡಿಗಳು ಸೊರಗಿದವು. ಸೀರೆ, ಬಳೆ, ಪೂಜಾಸಾಮಗ್ರಿ, ಎಂಟನೇ ಕ್ರಾಸಿನ ಹೂವು-ಹಣ್ಣು, ರವಿಕೆ ಹೊಲಿಯುವ ದರ್ಜಿ ಇವರನ್ನು ಮಾಲ್ ಮುಟ್ಟಲೇ ಇಲ್ಲ. 2014ರ ಮಾರ್ಚ್‌ನಲ್ಲಿ ಪೀಣ್ಯ ಕಡೆಯ ಮೆಟ್ರೋ ಬಂತು. ಸಂಪಿಗೆ ರಸ್ತೆ ನಿಲ್ದಾಣಕ್ಕೆ ಮಾಲಿನ ಹೆಸರೂ ಅಂಟಿಕೊಂಡಿತು. 2017ರ ಜೂನ್‌ವರೆಗೆ ಅದೇ ಆ ಮಾರ್ಗದ ಕೊನೆ. ಮಾಲ್‌ಗೆಂದು ಇಳಿದವರು ಬರುಬರುತ್ತಾ ಎಂಟನೇ ಕ್ರಾಸಿನವರೆಗೂ ನಡೆದರು. ಅದೇ 2017ರ ಜನವರಿಯಲ್ಲಿ ಮಾಲಿನ ಹಿಂಬದಿಯ ಗೋಡೆ ಕುಸಿದು, ಪಾಲಿಕೆ ಅದನ್ನು ಮುಚ್ಚಿಸಿದಾಗ ತಮಗೆ ವ್ಯಾಪಾರ ಏರುತ್ತದೆಂದು ನನ್ನ ಗಿರಾಕಿಗಳು ಕಾದರು. ಮಾಲಿಗೆ ಹತ್ತಿರದ ಜ್ಯೂಸ್ ಅಂಗಡಿ, ಚಪ್ಪಲಿ ಅಂಗಡಿಗಳ ಮಾರಾಟ ಇಳಿಯಿತು. ಎಂಟನೇ ಕ್ರಾಸಿನ ಕಡೆ ಏನೂ ವ್ಯತ್ಯಾಸ ಆಗಲಿಲ್ಲ. ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಕಿತ್ತುಕೊಂಡದ್ದು ನಾವು ಅಂದುಕೊಂಡದ್ದಕ್ಕಿಂತ ಕಡಿಮೆ. ಏರಿದ್ದು ರಸ್ತೆಯ ಬಾಡಿಗೆ. ಮಾಲ್ ತೋರಿಸಿ ಕಟ್ಟಡದ ಮಾಲೀಕರು ಅಡ್ವಾನ್ಸ್ ಏರಿಸಿದರು; ಅಂಗಡಿ ಬಿಟ್ಟವರಲ್ಲಿ ಹೆಚ್ಚಿನವರು ಬಿಟ್ಟದ್ದು ಅದಕ್ಕೆ.

ಕೆಲಸದ ಲೆಕ್ಕಕ್ಕೆ ಬರೋಣ. ನಮ್ಮ ಬೀದಿಯ ಹುಡುಗಿಯರಿಗೆ ಸಂಪಿಗೆ ರಸ್ತೆಯ ಅಂಗಡಿಗಳು ಎಂದೂ ಕೊಡದಿದ್ದ ಕೆಲಸವನ್ನು ಮಾಲ್ ಕೊಟ್ಟಿತು. ಯೂನಿಫಾರ್ಮ್, ಬ್ಯಾಂಕಿಗೆ ಸಂಬಳ, ಪಿ.ಎಫ್. ನಂಬರ್ ಇವೆಲ್ಲ ಸಣ್ಣ ಮಾತಲ್ಲ. ಆದರೆ ಕೆಲಸ ಕೊಡುವವನು ಮಾಲಿನವನಲ್ಲ. ಬ್ರ್ಯಾಂಡಿನವನು, ಇಲ್ಲವೇ ಸೆಕ್ಯುರಿಟಿ, ಹೌಸ್‌ಕೀಪಿಂಗ್ ಏಜೆನ್ಸಿಯವನು. ಬ್ರ್ಯಾಂಡ್ ಅಂಗಡಿ ಎತ್ತಿದರೆ ಕೆಲಸವೂ ಎದ್ದುಹೋಗುತ್ತದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಜೂನ್‌ನಲ್ಲಿ ಮಾಲ್‌ಗಳು ತೆರೆದಾಗ ಎಲ್ಲರಿಗೂ ವಾಪಸ್ ಕರೆ ಬರಲಿಲ್ಲ. ಅಪ್ಪನ ಟಿಕೆಟ್ ನಂಬರಿಗೆ ಜವಳಿ ಅಂಗಡಿಯವನು ಉದ್ರಿ ಕೊಟ್ಟ. ಈ ಹುಡುಗಿಯರ ಐ.ಡಿ. ಕಾರ್ಡಿಗೆ ಚೀಟಿ ನಡೆಸುವ ಪಕ್ಕದ ಮನೆಯಾಕೆಯೂ ಜಾಮೀನು ಕೇಳುತ್ತಾಳೆ.

ಇನ್ನು ಊರಿಗೆ ಬರಬೇಕಾದ ಪಾಲು. ಆಸ್ತಿ ತೆರಿಗೆ ಬಾಕಿಗಾಗಿ ಆಗಿನ ಬಿಬಿಎಂಪಿ 2021ರಲ್ಲಿ ಒಂದಕ್ಕಿಂತ ಹೆಚ್ಚು ಸಲ ಈ ಮಾಲಿಗೆ ಬೀಗ ಹಾಕಿತು. ವಿಷಯ ಹೈಕೋರ್ಟಿಗೂ ಹೋಯಿತು. ಬಾಕಿ ಉಳಿದದ್ದು ಕಟ್ಟಡದ ಲೆಕ್ಕದಲ್ಲಿ, ಬಾಗಿಲು ಮುಚ್ಚಿದ್ದು ಒಳಗಿನ ಅಂಗಡಿಯವರಿಗೆ. ಪುಟ್ಟ ಅಂಗಡಿಯ ನನ್ನ ಗಿರಾಕಿಗಳು ಐದು ಪರ್ಸೆಂಟ್ ರಿಯಾಯಿತಿಯ ಆಸೆಗೆ ಏಪ್ರಿಲ್‌ನಲ್ಲೇ ಸಾಲು ನಿಂತು ಆಸ್ತಿ ತೆರಿಗೆ ಕಟ್ಟುವವರು. ಅವರಿಗೆ ಈ ಸುದ್ದಿ ಓದಿ ನಗುವುದೋ ಅಳುವುದೋ ತಿಳಿಯಲಿಲ್ಲ.

ನೂರಾ ನಲವತ್ತು ವರ್ಷದ ಈ ಖಾತೆ ನೋಡಿದ ಮೇಲೆ ನನ್ನ ತೀರ್ಮಾನ ಇಷ್ಟು: ಮಾಲ್ ನಮ್ಮ ಬೀದಿಯ ವ್ಯಾಪಾರವನ್ನು ಕೊಲ್ಲಲಿಲ್ಲ, ಮಿಲ್ಲಿನ ಜಾಗವನ್ನೂ ತುಂಬಲಿಲ್ಲ. ಮಿಲ್ಲು ಬಟವಾಡೆ ಮಾಡಿದ ದುಡ್ಡು ಹತ್ತನೇ ತಾರೀಖಿಗೆ ಈ ರಸ್ತೆಗೇ ಇಳಿಯುತ್ತಿತ್ತು. ಮಾಲಿನಲ್ಲಿ ಜನ ಸುರಿಯುವ ದುಡ್ಡು ಬಾಡಿಗೆಯಾಗಿ, ಬ್ರ್ಯಾಂಡಿನ ಲಾಭವಾಗಿ ಬೇರೆ ಊರಿಗೆ ಹೋಗುತ್ತದೆ. ಇಲ್ಲಿ ಉಳಿಯುವುದು ಕೂಲಿ ಮತ್ತು ತೆರಿಗೆ ಎರಡೇ. ಮಲ್ಲೇಶ್ವರದ ಆಚೆ ತುದಿಯಲ್ಲಿ ಮೈಸೂರು ಲ್ಯಾಂಪ್ಸ್‌ನ ಜಾಗ ಇನ್ನೂ ಇದೆ. ಅದು ಸರ್ಕಾರದ ಸ್ವತ್ತು. ಅಲ್ಲಿ ಏನೇ ಕಟ್ಟಲಿ, ದಿನಕ್ಕೆ ಎಷ್ಟು ಸಾವಿರ ಜನ ಬರುತ್ತಾರೆ ಅನ್ನುವ ಲೆಕ್ಕಕ್ಕೆ ಮರುಳಾಗಬೇಡಿ. ಖಾಯಂ ಕೆಲಸ ಎಷ್ಟು, ತೆರಿಗೆ ಎಷ್ಟು, ಅದನ್ನು ಯಾವ ತಾರೀಖಿಗೆ ಕಟ್ಟುತ್ತಾರೆ ಅಂತ ವಾರ್ಡಿನ ಸಭೆಯಲ್ಲಿ ಎದ್ದುನಿಂತು ಕೇಳಿ.